ಕೀಲಿನೊಳಗೆ ಕಟ್ಟುವ ಸುಣ್ಣ: ಒಂದು ಹುಡುಕಾಟದ ಇತಿಹಾಸ

ವಯಸ್ಸಾದವರೊಬ್ಬರ ಮಂಡಿಯ ಎಕ್ಸ್-ಕಿರಣ ಚಿತ್ರ ನಿಮ್ಮ ಕೈಗೆ ಸಿಕ್ಕಿದರೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮೇಲೆ ತೊಡೆಮೂಳೆ, ಕೆಳಗೆ ಕಾಲಿನ ಮೂಳೆ, ಎರಡೂ ಬಿಳಿಯಾಗಿ ಕಾಣುತ್ತವೆ. ನಡುವೆ ಒಂದು ಕಪ್ಪು ಸಂದು. ಅದು ಖಾಲಿ ಜಾಗವಲ್ಲ. ಮೂಳೆಗಳ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿ ಅಲ್ಲಿದೆ. ಅದರಲ್ಲಿ ಕ್ಯಾಲ್ಸಿಯಂ ಲವಣಗಳು ಇಲ್ಲದಿರುವುದರಿಂದ ಎಕ್ಸ್-ಕಿರಣಗಳು ಸಲೀಸಾಗಿ ತೂರಿಹೋಗುತ್ತವೆ. ಆದರೆ ಕೆಲವರ ಚಿತ್ರದಲ್ಲಿ ಆ ಕಪ್ಪು ಸಂದಿನ ನಡುವೆ, ಸೀಮೆಸುಣ್ಣದ ಚೂಪು ತುದಿಯಿಂದ ಎಳೆದಂತೆ, ತೆಳುವಾದ ಬಿಳಿ ಗೆರೆಯೊಂದು ಕಾಣುತ್ತದೆ. ಇರಬಾರದ ಕಡೆ ಕ್ಯಾಲ್ಸಿಯಂ ಕಟ್ಟಿದೆ ಎಂಬುದಕ್ಕೆ ಅದು ಗುರುತು.

ಇಂಥ ವರದಿ ಕೈಗೆ ಬಂದೊಡನೆ 'ಕೀಲಿನಲ್ಲಿ ಸುಣ್ಣ ಕಟ್ಟಿದೆಯಂತೆ' ಎಂದು ಹಾಲು, ರಾಗಿಮುದ್ದೆ ಎಲ್ಲವನ್ನೂ ಬಿಟ್ಟವರನ್ನು ನೀವೂ ಕಂಡಿರಬಹುದು. ಅವರ ತರ್ಕ ಸರಳ: ತಿಂದ ಸುಣ್ಣವೇ ಮಂಡಿಗೆ ಇಳಿದಿದೆ. ಈ ತರ್ಕ ತಪ್ಪು. ಇಂಥ ಬಹುಪಾಲು ಜನರ ರಕ್ತದಲ್ಲಿ ಕ್ಯಾಲ್ಸಿಯಂ ಮಟ್ಟ ಎಲ್ಲರಂತೆಯೇ ಇರುತ್ತದೆ. ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವಂಥ ಕೆಲವೇ ಸಂದರ್ಭಗಳು ಇದಕ್ಕೆ ಹೊರತು. ಹಾಗಾದರೆ ಸುಣ್ಣ ಅಲ್ಲಿಗೆ ಹೇಗೆ ಬಂತು? ಅದು ಕೀಲನ್ನು ಸವೆಸುತ್ತದೆಯೋ, ಸವೆದ ಕೀಲಿನಲ್ಲಿ ಬಂದು ಕೂರುತ್ತದೆಯೋ? ಸತು, ಸೀಸ, ಕಬ್ಬಿಣದಂಥ ಲೇಶಲೋಹಗಳಿಗೆ ಇದರಲ್ಲಿ ಏನು ಕೆಲಸ? ಅಸ್ಥಿಸಂಧಿವಾತ, ಅಂದರೆ ಜನರ ಬಾಯಲ್ಲಿ 'ಮಂಡಿ ಸವೆತ' ಎನಿಸಿಕೊಂಡಿರುವ ಕಾಯಿಲೆಯ ಅಧ್ಯಯನದಲ್ಲಿ ಈ ಪ್ರಶ್ನೆಗಳಿಗೆ ಉದ್ದದ ಇತಿಹಾಸವಿದೆ.

ಸೂಜಿಯಂಥ ಕಣಗಳು

ಕೀಲಿನ ಹರಳನ್ನು ಮೊದಲು ಕಂಡವನು ವೈದ್ಯನಲ್ಲ, ಬಟ್ಟೆ ವ್ಯಾಪಾರಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೀವೆನ್‌ಹುಕ್ 1679ರಲ್ಲಿ ಬರೆದ ಪತ್ರದಲ್ಲಿ, ಗೌಟ್ ರೋಗಿಯ ಗಂಟಿನಿಂದ ಬಂದ ಬಿಳಿಯ ಪದಾರ್ಥವನ್ನು ತನ್ನ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ್ದನ್ನು ತಿಳಿಸಿದ. ಬರಿಗಣ್ಣಿಗೆ ಸೀಮೆಸುಣ್ಣದಂತಿದ್ದ ಆ ಪದಾರ್ಥ ಮಸೂರದ ಕೆಳಗೆ ಎರಡೂ ತುದಿ ಚೂಪಾದ, ಉದ್ದನೆಯ, ಪಾರದರ್ಶಕ ಕಣಗಳ ರಾಶಿಯಾಗಿ ಕಂಡಿತು. ಅದು ಏನೆಂದು ಹೇಳುವ ರಸಾಯನಶಾಸ್ತ್ರ ಆಗ ಹುಟ್ಟಿರಲಿಲ್ಲ. 1776ರಲ್ಲಿ ಸ್ವೀಡನ್ನಿನ ಶೀಲೆ ಮೂತ್ರಕೋಶದ ಕಲ್ಲಿನಿಂದ ಯೂರಿಕ್ ಆಮ್ಲವನ್ನು ಬೇರ್ಪಡಿಸಿದ. 1797ರಲ್ಲಿ ಇಂಗ್ಲೆಂಡಿನ ವೊಲಾಸ್ಟನ್, ಗೌಟ್ ಗಂಟಿನಲ್ಲಿರುವುದು ಅದೇ ಆಮ್ಲದ ಲವಣ ಎಂದು ತೋರಿಸಿದ. ಅಂದರೆ ಲೀವೆನ್‌ಹುಕ್ ಕಂಡ 'ಸುಣ್ಣ' ಸುಣ್ಣವೇ ಆಗಿರಲಿಲ್ಲ!

ಲಂಡನ್ನಿನ ವೈದ್ಯ ಆಲ್‌ಫ್ರೆಡ್ ಗ್ಯಾರಡ್ 1854ರಲ್ಲಿ ಪ್ರಕಟಿಸಿದ 'ದಾರದ ಪರೀಕ್ಷೆ' ನಮ್ಮ ವಿದ್ಯಾರ್ಥಿಗಳಿಗೆ ಇಷ್ಟವಾಗುವಂಥದ್ದು. ರೋಗಿಯ ರಕ್ತದ ಸೀರಮ್ಮಿಗೆ ಸ್ವಲ್ಪ ಅಸಿಟಿಕ್ ಆಮ್ಲ ಬೆರೆಸಿ, ಅದರಲ್ಲಿ ಒಂದು ಎಳೆ ದಾರ ಇಳಿಬಿಟ್ಟು ಕಾಯುವುದು. ಗೌಟ್ ಇದ್ದವರ ಸೀರಮ್ಮಿನಲ್ಲಿ ದಾರದ ಮೇಲೆ ಯೂರಿಕ್ ಆಮ್ಲದ ಹರಳುಗಳು ಕಲ್ಲುಸಕ್ಕರೆಯಂತೆ ಕಟ್ಟಿಕೊಳ್ಳುತ್ತಿದ್ದವು. ಉರಿಯೂತಕ್ಕೆ ಈ ಹರಳೇ ಕಾರಣ ಎಂದು ಗ್ಯಾರಡ್ ಹೇಳಿದ. 1899ರಲ್ಲಿ ಫ್ರಾಯ್ಡ್‌ವೈಲರ್ ಎಂಬ ಸ್ವಿಸ್ ವೈದ್ಯ ಯೂರೇಟ್ ಹರಳುಗಳನ್ನು ಚುಚ್ಚಿ, ಅವು ಉರಿಯೂತ ಉಂಟುಮಾಡುವುದನ್ನು ತೋರಿಸಿದ. ಆಮೇಲೆ ಆದದ್ದು ವಿಜ್ಞಾನದಲ್ಲಿ ಅಪರೂಪವೇನಲ್ಲ. ಈ ಕೆಲಸವನ್ನೆಲ್ಲ ಜನ ಮರೆತುಬಿಟ್ಟರು. ಅರುವತ್ತು ವರ್ಷ ಹರಳಿನ ಮಾತು ಹೆಚ್ಚುಕಡಿಮೆ ನಿಂತೇಹೋಯಿತು.

ಮಂಡಿಯೇ ಪ್ರಯೋಗಶಾಲೆ

1961ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡೇನಿಯಲ್ ಮೆಕಾರ್ಟಿ ಮತ್ತು ಜೋಸೆಫ್ ಹಾಲಂಡರ್ ಗೌಟ್ ರೋಗಿಗಳ ಕೀಲಿನಿಂದ ದ್ರವ ತೆಗೆದು, ಅದನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಈ ಉಪಕರಣ ಹೊಸದಲ್ಲ. ಭೂವಿಜ್ಞಾನಿಗಳು ಕಲ್ಲಿನ ತೆಳು ಹೋಳುಗಳನ್ನು ಪರೀಕ್ಷಿಸಲು ನೂರು ವರ್ಷದಿಂದ ಬಳಸುತ್ತಿದ್ದುದೇ. ಇದರ ತತ್ತ್ವವನ್ನು ನೀವು ತರಗತಿಯಲ್ಲೇ ತೋರಿಸಬಹುದು. ಎರಡು ಪೋಲರಾಯ್ಡ್ ಹಾಳೆಗಳನ್ನು ಒಂದಕ್ಕೊಂದು ಅಡ್ಡವಾಗಿ ಹಿಡಿದರೆ ಕತ್ತಲೆ. ನಡುವೆ ಸಕ್ಕರೆಯ ಹರಳನ್ನೋ ಪಾರದರ್ಶಕ ಅಂಟುಪಟ್ಟಿಯ ತುಂಡನ್ನೋ ಇಟ್ಟರೆ ಅದಷ್ಟೇ ಬೆಳಗುತ್ತದೆ. ಯೂರೇಟ್ ಹರಳುಗಳು ಹೀಗೆಯೇ ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಸೂಜಿಗಳಾಗಿ ಕಂಡವು. ಯೂರಿಕೇಸ್ ಎಂಬ ಕಿಣ್ವ ಸೇರಿಸಿದಾಗ ಮಾಯವಾದವು. ಗೌಟ್ ಇದೆಯೇ ಇಲ್ಲವೇ ಎಂಬುದು ಅಂದಾಜಿನ ವಿಷಯವಾಗದೆ ಕಣ್ಣಾರೆ ಕಾಣುವ ಸಂಗತಿಯಾಯಿತು.

ಆದರೆ ಅನುಕ್ತವಾದ ಒಂದು ತೊಡಕು ಎದುರಾಯಿತು. ಗೌಟಿನಂತೆಯೇ ಮಂಡಿ ಊದಿ ಕೆಂಪಾಗಿದ್ದ ಕೆಲವು ವೃದ್ಧರ ಕೀಲುದ್ರವದಲ್ಲಿ ಬೇರೆಯೇ ಹರಳುಗಳಿದ್ದವು. ಸೂಜಿಗಳಲ್ಲ, ಓರೆಯಾದ ಚೌಕಗಳು ಮತ್ತು ಮೊಂಡು ಕಡ್ಡಿಗಳು. ಹೊಳಪು ಮಂಕು. ಯೂರಿಕೇಸ್ ಅವನ್ನು ಏನೂ ಮಾಡಲಿಲ್ಲ. ಸೂಕ್ಷ್ಮದರ್ಶಕದ ಪರಿಹಾರಕ ಫಲಕದ ಅಕ್ಷಕ್ಕೆ ಸಮಾಂತರವಾಗಿದ್ದಾಗ ಯೂರೇಟ್ ಹಳದಿಯಾಗಿ ಕಂಡರೆ, ಇವು ನೀಲಿಯಾಗಿ ಕಂಡವು. 1962ರಲ್ಲಿ ಮೆಕಾರ್ಟಿ, ಕೋನ್ ಮತ್ತು ಫೇರ್ಸ್ ಎಕ್ಸ್-ಕಿರಣ ವಿವರ್ತನೆಯಿಂದ ಇವುಗಳ ಗುರುತು ಹಿಡಿದರು: ಕ್ಯಾಲ್ಸಿಯಂ ಪೈರೊಫಾಸ್ಫೇಟ್ ಡೈಹೈಡ್ರೇಟ್. ಕಾಯಿಲೆಗೆ 'ಸೂಡೊಗೌಟ್', ಅಂದರೆ ಹುಸಿಗೌಟ್, ಎಂದು ಹೆಸರಿಟ್ಟರು. ಈ ರೋಗಿಗಳ ಎಕ್ಸ್-ಕಿರಣ ಚಿತ್ರದಲ್ಲೇ ನಾವು ಮೊದಲು ಹೇಳಿದ ಬಿಳಿ ಗೆರೆ ಇದ್ದದ್ದು. ಇದೇ ಗೆರೆಯನ್ನು ಅಂದಿನ ಚೆಕೊಸ್ಲೊವಾಕಿಯದ ಪಿಯೆಷ್ಟ್ಯಾನಿಯಲ್ಲಿ ಝಿಟ್ನಾನ್ ಮತ್ತು ಸಿತಾಯ್ ಎಂಬ ವೈದ್ಯರು 1958ರಲ್ಲೇ ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವುದನ್ನು ಕಂಡು ವರದಿ ಮಾಡಿದ್ದರು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹರಳು ಉರಿಯೂತಕ್ಕೆ ಕಾರಣವೋ, ಬರಿಯ ಸಾಕ್ಷಿಯೋ? ಅದೇ ವರ್ಷ ಫೇರ್ಸ್ ಮತ್ತು ಮೆಕಾರ್ಟಿ ನಾಯಿಗಳ ಮೇಲೆ ಪ್ರಯೋಗ ಮಾಡಿದ್ದಲ್ಲದೆ, ಯೂರೇಟ್ ಹರಳುಗಳನ್ನು ತಮ್ಮದೇ ಮಂಡಿಗಳಿಗೆ ಚುಚ್ಚಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಇಬ್ಬರೂ ತೀವ್ರ ನೋವಿನಿಂದ ನರಳಿದರು. 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದರ ವರದಿ ಬಂತು. ಇಂದಿನ ನೈತಿಕ ಸಮಿತಿಗಳು ಇದಕ್ಕೆ ಒಪ್ಪಿಗೆ ಕೊಡುವುದು ಅನುಮಾನ. ಆದರೂ ಫ್ರಾಯ್ಡ್‌ವೈಲರನನ್ನು ಮರೆತ ಲೋಕ ಈ ಎರಡು ಮಂಡಿಗಳನ್ನು ಮರೆಯಲಿಲ್ಲ.

1962 ಎಂಬ ವರ್ಷ

ಈಗ ರಸಾಯನಶಾಸ್ತ್ರಕ್ಕೆ ಬರೋಣ. ಇದು ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ.

ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ರಾಬರ್ಟ್ ರಾಬಿಸನ್ 1923ರಲ್ಲಿ ಬೆಳೆಯುವ ಮೂಳೆಯಲ್ಲಿ ಒಂದು ಕಿಣ್ವವನ್ನು ಕಂಡ. ಅದು ಸಾವಯವ ಸಂಯುಕ್ತಗಳಿಂದ ಫಾಸ್ಫೇಟನ್ನು ಬಿಡಿಸಿಕೊಡುತ್ತಿತ್ತು. ಹೀಗೆ ಬಿಡುಗಡೆಯಾದ ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ಮೂಳೆಯ ಖನಿಜವಾಗುತ್ತದೆ ಎಂದು ಅವನು ಊಹಿಸಿದ. ಇಂದು ರಕ್ತಪರೀಕ್ಷೆಯ ವರದಿಯಲ್ಲಿ ಕಾಣುವ 'ಆಲ್ಕಲೈನ್ ಫಾಸ್ಫಟೇಸ್' ಇದೇ.

ಆದರೆ ಇದಕ್ಕಿಂತ ವಿಚಿತ್ರವಾದ ಪ್ರಶ್ನೆ ಇನ್ನೊಂದಿತ್ತು. ನಮ್ಮ ದೇಹದ ದ್ರವಗಳಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಎಷ್ಟಿವೆಯೆಂದರೆ, ಅಪಟೈಟ್ ಎಂಬ ಮೂಳೆಖನಿಜ ಒಮ್ಮೆ ಮೊಳೆತರೆ ಬೆಳೆಯುತ್ತಲೇ ಹೋಗಬೇಕು. ಹಾಗಿದ್ದೂ ಚರ್ಮ, ರಕ್ತನಾಳ, ಮೃದ್ವಸ್ಥಿ ಯಾಕೆ ಕಲ್ಲಾಗುವುದಿಲ್ಲ? ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್‌ಗೆ ಕೊಳಾಯಿ ನೀರಿನಿಂದ ಸುಳಿವು ಸಿಕ್ಕಿತು. ಗಡಸು ನೀರು ಹರಿಯುವ ಕೊಳವೆ, ಬಾಯ್ಲರುಗಳ ಒಳಗೆ ಬಿಳಿಯ ಪೊರೆ ಕಟ್ಟುವುದನ್ನು ತಡೆಯಲು ನೀರಿಗೆ ಅತ್ಯಲ್ಪ ಪ್ರಮಾಣದ ಪಾಲಿಫಾಸ್ಫೇಟ್ ಬೆರೆಸುವ ರೂಢಿಯಿತ್ತು. ದೇಹವೂ ಇದೇ ಉಪಾಯ ಮಾಡುತ್ತಿರಬಹುದೇ? 1962ರಲ್ಲಿ ಫ್ಲೈಶ್ ಮತ್ತು ಬಿಸಾಝ್ ಮೂತ್ರದಿಂದ ಅಂಥ ಪ್ರತಿಬಂಧಕವೊಂದನ್ನು ಬೇರ್ಪಡಿಸಿದರು. ಅದು ಪೈರೊಫಾಸ್ಫೇಟ್, ಅಂದರೆ ಒಂದು ಆಕ್ಸಿಜನ್ ಪರಮಾಣುವಿನ ಮೂಲಕ ಕೈಹಿಡಿದ ಎರಡು ಫಾಸ್ಫೇಟುಗಳು. ಮೂಳೆಸವೆತಕ್ಕೆ ಇಂದು ಕೊಡುವ ಬಿಸ್‌ಫಾಸ್ಫೊನೇಟ್ ಮಾತ್ರೆಗಳು ಈ ಅಣುವಿನ ಅನುಕರಣೆಯಿಂದ ಹುಟ್ಟಿದವು.

ಎರಡನ್ನೂ ಜೋಡಿಸಿ ನೋಡಿ. ಪೈರೊಫಾಸ್ಫೇಟ್ ಖನಿಜವನ್ನು ತಡೆಯುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಆ ಪೈರೊಫಾಸ್ಫೇಟನ್ನೇ ಕತ್ತರಿಸಿ ಎರಡು ಫಾಸ್ಫೇಟು ಮಾಡುತ್ತದೆ. ತಡೆ ಹೋಗುವುದಲ್ಲದೆ ಖನಿಜಕ್ಕೆ ಬೇಕಾದ ಕಚ್ಚಾಮಾಲೂ ಸಿಗುತ್ತದೆ. ಇದೊಂದು ತಕ್ಕಡಿ. ಪೈರೊಫಾಸ್ಫೇಟ್ ಕಡಿಮೆಯಾದರೆ ಅಪಟೈಟ್ ಕಟ್ಟುತ್ತದೆ. ತೀರಾ ಹೆಚ್ಚಾದರೆ ಅದೇ ಕ್ಯಾಲ್ಸಿಯಂ ಜೊತೆ ಸೇರಿ ಮೆಕಾರ್ಟಿ ಕಂಡ ಹರಳಾಗುತ್ತದೆ. ಹೈಪೊಫಾಸ್ಫಟೇಸಿಯ ಎಂಬ ಆನುವಂಶಿಕ ಕಾಯಿಲೆಯಲ್ಲಿ ಈ ಕಿಣ್ವ ಕೊರತೆಯಾಗಿರುತ್ತದೆ. ಅಂಥವರಲ್ಲಿ ಮೂಳೆ ಮೆತ್ತಗಿರುತ್ತದೆ, ಕೀಲಿನಲ್ಲಿ ಮಾತ್ರ ಪೈರೊಫಾಸ್ಫೇಟ್ ಹರಳು! ತಕ್ಕಡಿಯ ಮಾತಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಲೋಹಗಳು ಕಥೆಯೊಳಗೆ ಬರುವುದು ಇಲ್ಲೇ. ಅದೇ 1962ರಲ್ಲಿ ಪ್ಲಾಕ್, ಲೆವಿಂಥಾಲ್ ಮತ್ತು ವ್ಯಾಲಿ ಎಂಬವರು ಇ. ಕೋಲೈ ಬ್ಯಾಕ್ಟೀರಿಯದ ಆಲ್ಕಲೈನ್ ಫಾಸ್ಫಟೇಸ್ ಸತುವಿನ ಕಿಣ್ವ ಎಂದು ತೋರಿಸಿದರು. ಸತುವನ್ನು ಕಿತ್ತುಕೊಂಡರೆ ಕಿಣ್ವ ನಿಷ್ಕ್ರಿಯ. ಮನುಷ್ಯನ ಕಿಣ್ವದಲ್ಲೂ ಸತು ಮತ್ತು ಮೆಗ್ನೀಸಿಯಂ ಇವೆ ಎಂಬುದು ಆಮೇಲೆ ಖಚಿತವಾಯಿತು. ಕ್ಯಾಲ್ಸಿಯಂ ಎಲ್ಲಿ ಕಟ್ಟಬೇಕೆಂದು ನಿರ್ಧರಿಸುವ ಕತ್ತರಿಯ ಅಲಗು ಸತುವಿನದು ಎನ್ನಬಹುದು.

ಆ ವರ್ಷದ ಇನ್ನೊಂದು ಆವಿಷ್ಕಾರ ಗೊದಮೊಟ್ಟೆಯದು. ಗೊದಮೊಟ್ಟೆ ಕಪ್ಪೆಯಾಗುವಾಗ ಬಾಲ ಕರಗುತ್ತದೆಯಷ್ಟೆ? ಬಾಲದ ಕೊಲ್ಯಾಜೆನ್ ಎಲ್ಲಿ ಹೋಗುತ್ತದೆ? ಅಷ್ಟು ಬಲವಾದ ಪ್ರೋಟೀನನ್ನು ಒಡೆಯುವ ಕಿಣ್ವ ಪ್ರಾಣಿಗಳಲ್ಲಿ ಇರುವುದು ಆವರೆಗೆ ಯಾರಿಗೂ ಸಿಕ್ಕಿರಲಿಲ್ಲ. (ಕೊಲ್ಯಾಜೆನ್ನಿನ ಮೂರೆಳೆಯ ಹುರಿಯಂಥ ರಚನೆಯನ್ನು 1950ರ ದಶಕದಲ್ಲಿ ಮದರಾಸಿನಲ್ಲಿ ಬಿಡಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.) ಗ್ರಾಸ್ ಮತ್ತು ಲಪಿಯೆರ್ ಗೊದಮೊಟ್ಟೆಯ ಬಾಲದ ತುಣುಕುಗಳನ್ನು ಕೊಲ್ಯಾಜೆನ್ ಪದರದ ಮೇಲೆ ಇಟ್ಟು, ಸುತ್ತಲಿನ ಪದರ ಕರಗುವುದನ್ನು ಕಂಡರು. ಆ ಕಿಣ್ವದ ಬಂಧುಗಳು ಮನುಷ್ಯನ ಸವೆಯುವ ಮೃದ್ವಸ್ಥಿಯಲ್ಲೂ ಸಿಕ್ಕಿವೆ. ಅವುಗಳ ಸಕ್ರಿಯ ತಾಣದಲ್ಲಿ ಇರುವುದೂ ಒಂದು ಸತುವಿನ ಅಯಾನು.

ಹೀಗೆ ಹರಳು, ಅದರ ಪ್ರತಿಬಂಧಕ, ಪ್ರತಿಬಂಧಕವನ್ನು ಕತ್ತರಿಸುವ ಸತು, ಮೃದ್ವಸ್ಥಿಯನ್ನು ಕತ್ತರಿಸುವ ಕಿಣ್ವ, ಈ ನಾಲ್ಕೂ ಒಂದೇ ವರ್ಷದ ಪತ್ರಿಕೆಗಳಲ್ಲಿ ಅಚ್ಚಾದವು. ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಲು ದಶಕಗಳೇ ಹಿಡಿದವು. ಹಳೆಯ ಸಂಪುಟಗಳನ್ನು ತಿರುವಿ ಹಾಕುವುದಕ್ಕೆ ಇಷ್ಟು ಕಾರಣ ಸಾಕೆಂದು ನನಗೆ ತೋರುತ್ತದೆ.

ಪಿಯೆಷ್ಟ್ಯಾನಿಯ ಕುಟುಂಬಗಳ ಮಾತು ನೆನಪಿದೆಯೇ? 2000ದಲ್ಲಿ ಹೋ, ಜಾನ್ಸನ್ ಮತ್ತು ಕಿಂಗ್ಸ್‌ಲಿ ಎಂಬವರು, ಕೀಲುಗಳೆಲ್ಲ ಬಿಗಿದು ಕಲ್ಲಾಗುವ ಒಂದು ಇಲಿತಳಿಯಲ್ಲಿ ಕೆಟ್ಟಿದ್ದ ಜೀನನ್ನು ಪತ್ತೆಹಚ್ಚಿದರು. ಜೀವಕೋಶದಿಂದ ಪೈರೊಫಾಸ್ಫೇಟ್ ಹೊರಬರಲು ಅದು ನೆರವಾಗುತ್ತದೆ. (ನೇರವಾಗಿ ಪೈರೊಫಾಸ್ಫೇಟನ್ನಲ್ಲ, ಅದರ ಮೂಲವಾದ ಎಟಿಪಿಯನ್ನು ಹೊರಬಿಡಲು ಎಂದು ಇತ್ತೀಚಿನ ಕೆಲಸ ಹೇಳುತ್ತದೆ.) ಅದು ಕೆಟ್ಟರೆ ಪ್ರತಿಬಂಧಕವಿಲ್ಲದೆ ಅಪಟೈಟ್. ಮನುಷ್ಯರಲ್ಲಿ ಇದೇ ಜೀನಿನ ಬೇರೆ ಬಗೆಯ ವ್ಯತ್ಯಯಗಳು ವಂಶಪಾರಂಪರ್ಯವಾದ ಪೈರೊಫಾಸ್ಫೇಟ್ ಹರಳಿಗೆ ಕಾರಣ ಎಂದು ಎರಡೇ ವರ್ಷದಲ್ಲಿ ಗೊತ್ತಾಯಿತು.

ಕಾರಣವೋ, ಪರಿಣಾಮವೋ?

ಅಪಟೈಟ್ ಹರಳು ಕೀಲುದ್ರವದಲ್ಲೂ ಇರಬಹುದು ಎಂದು 1976ರಲ್ಲಿ ಬ್ರಿಟನ್ನಿನ ಪಾಲ್ ಡಿಯೆಪ್ ಮತ್ತು ಸಂಗಡಿಗರು ತೋರಿಸಿದರು. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಾಯಿತು, ಏಕೆಂದರೆ ಒಂದೊಂದು ಹರಳು ಬೆಳಕಿನ ಅಲೆಯುದ್ದಕ್ಕಿಂತಲೂ ಚಿಕ್ಕದು. 1981ರಲ್ಲಿ ಮೆಕಾರ್ಟಿ, ಆಗ ಮಿಲ್ವಾಕಿಯಲ್ಲಿದ್ದರು, ಭುಜದ ಕೀಲು ಪೂರ್ತಿ ನಾಶವಾಗಿದ್ದ ಕೆಲವರ ದ್ರವದಲ್ಲಿ ಅಪಟೈಟ್ ಉಂಡೆಗಳ ಜೊತೆಗೆ ಕೊಲ್ಯಾಜೆನ್ ಒಡೆಯುವ ಕಿಣ್ವವನ್ನೂ ಕಂಡರು. ಗೊದಮೊಟ್ಟೆಯ ಕಿಣ್ವ ಮತ್ತು ಹರಳು ಕೊನೆಗೂ ಒಂದೇ ಸಿರಿಂಜಿನಲ್ಲಿ ಭೇಟಿಯಾದವು.

2009ರಲ್ಲಿ ಜರ್ಮನಿಯ ಸಂಶೋಧಕರು, ಮಂಡಿ ಬದಲಿ ಶಸ್ತ್ರಚಿಕಿತ್ಸೆಗೆ ಒಳಗಾದ 120 ಮಂದಿಯ ಮೃದ್ವಸ್ಥಿಯನ್ನು ಪರೀಕ್ಷಿಸಿದರು. ಕ್ಯಾಲ್ಸಿಯಂ ಹರಳು ಇಲ್ಲದ ಒಂದೂ ಮಂಡಿ ಅವರಿಗೆ ಸಿಗಲಿಲ್ಲ. ಸವೆತ ಹೆಚ್ಚಿದಷ್ಟೂ ಹರಳೂ ಹೆಚ್ಚು. ಹಾಗಾದರೆ ಹರಳೇ ಅಪರಾಧಿ ಎಂದು ತೀರ್ಪು ಕೊಡಬಹುದೇ? ಅವಸರ ಬೇಡ. ಅದಕ್ಕೆ ಎರಡು ವರ್ಷ ಮುಂಚೆ ಕ್ಯಾಲಿಫೋರ್ನಿಯದಲ್ಲಿ ನಡೆದ ಅಧ್ಯಯನ, ಮೃದ್ವಸ್ಥಿಯ ಕ್ಯಾಲ್ಸೀಕರಣ ಮುಖ್ಯವಾಗಿ ವಯಸ್ಸಿನ ಪರಿಣಾಮ, ಕಾಯಿಲೆಯದ್ದಲ್ಲ ಎಂದು ಹೇಳಿತ್ತು. ಎರಡೂ ಜವಾಬ್ದಾರಿಯುತ ಅಧ್ಯಯನಗಳೇ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದು ಸುತ್ತುವ ಚಕ್ರ ಎಂಬ ವಿವರಣೆ. ಸವೆತದಿಂದ ಜೀವಕೋಶಗಳು ಕೆರಳುತ್ತವೆ, ಕೆರಳಿದ ಕೋಶಗಳು ತಕ್ಕಡಿಯನ್ನು ವಾಲಿಸಿ ಹರಳು ಕಟ್ಟಿಸುತ್ತವೆ, ಹರಳು ಮತ್ತೆ ಕೋಶಗಳನ್ನು ಕೆರಳಿಸುತ್ತದೆ. ಕೆರಳಿಸುವ ಬಗೆಯೂ ಗೊತ್ತಾಗಿದೆ. 2006ರಲ್ಲಿ ಸ್ವಿಟ್ಜರ್ಲೆಂಡಿನ ಚಾಪ್ ತಂಡ, ಯೂರೇಟ್ ಮತ್ತು ಪೈರೊಫಾಸ್ಫೇಟ್ ಹರಳುಗಳೆರಡೂ ರಕ್ಷಕ ಕೋಶಗಳ ಒಳಗಿರುವ 'ಇನ್‌ಫ್ಲಮಸೋಮ್' ಎಂಬ ಪ್ರೋಟೀನು ಜೋಡಣೆಯನ್ನು ಎಚ್ಚರಿಸುತ್ತವೆ ಎಂದು ತೋರಿಸಿತು.

ಗೆರೆಯ ಮೇಲೆ ಸತು ಮತ್ತು ಸೀಸ

ಮೃದ್ವಸ್ಥಿಯ ತಳಭಾಗ ಎಲ್ಲರಲ್ಲೂ ಕ್ಯಾಲ್ಸಿಯಂನಿಂದ ಗಟ್ಟಿಯಾಗಿರುತ್ತದೆ. ಮೂಳೆಗೆ ಅಂಟಿಕೊಳ್ಳಲು ಅದು ಬೇಕು. ಮೆತ್ತನೆಯ ಭಾಗಕ್ಕೂ ಗಟ್ಟಿ ಭಾಗಕ್ಕೂ ನಡುವಿನ ಗಡಿ ಬಣ್ಣ ಹಾಕಿದ ಹೋಳಿನಲ್ಲಿ ಕಡಲ ಅಲೆ ಮರಳಿನ ಮೇಲೆ ಬಿಟ್ಟುಹೋದ ಗೆರೆಯಂತೆ ಕಾಣುತ್ತದೆ. ಅದಕ್ಕೆ 'ಉಬ್ಬರದ ಗೆರೆ' ಎಂದೇ ಹೆಸರು. ಅಸ್ಥಿಸಂಧಿವಾತದಲ್ಲಿ ಈ ಗೆರೆ ಮೇಲೆ ಮೇಲೆ ಸರಿಯುತ್ತದೆ. ಹಳೆಯ ಗೆರೆ ಉಳಿದುಕೊಂಡು ಅದರ ಮೇಲೆ ಹೊಸದು ಮೂಡುವುದೂ ಉಂಟು.

ಆಸ್ಟ್ರಿಯದ ವಿಯೆನ್ನಾದ ಸಂಶೋಧಕರು ಮನುಷ್ಯರ ಕೀಲಿನ ತೆಳು ಹೋಳುಗಳನ್ನು ಹ್ಯಾಂಬರ್ಗ್‌ನ ಸಿಂಕ್ರೊಟ್ರಾನ್ ಎಕ್ಸ್-ಕಿರಣಗಳಿಗೆ ಒಡ್ಡಿದರು. 1913ರಲ್ಲಿ ಮೋಸ್ಲಿ ತೋರಿಸಿಕೊಟ್ಟ ತತ್ತ್ವವೇ ಇಲ್ಲಿಯೂ: ಕೆರಳಿಸಿದಾಗ ಪ್ರತಿ ಧಾತುವೂ ತನ್ನದೇ ಶಕ್ತಿಯ ಎಕ್ಸ್-ಕಿರಣ ಸೂಸುತ್ತದೆ. ಕಿರಣದ ಮೊನೆಯನ್ನು ಮೈಕ್ರೊಮೀಟರುಗಳಿಗೆ ಕಿರಿದುಗೊಳಿಸಿದರೆ ಅಂಗಾಂಶದಲ್ಲಿ ಯಾವ ಲೋಹ ಎಲ್ಲಿದೆಯೆಂಬ ನಕ್ಷೆಯೇ ಬರೆಯಬಹುದು. (ನಮ್ಮ ದೇಶದಲ್ಲೂ ಇಂದೋರಿನಲ್ಲಿ ಇಂಡಸ್-2 ಎಂಬ ಸಿಂಕ್ರೊಟ್ರಾನ್ ಇದೆ.) 2006ರಲ್ಲಿ ಬಂದ ಅವರ ವರದಿಯಲ್ಲಿ ಅನಿರೀಕ್ಷಿತ ಸಂಗತಿಯಿತ್ತು. ಉಬ್ಬರದ ಗೆರೆಯ ಮೇಲೆ, ಪಕ್ಕದ ಮೂಳೆಗಿಂತ ಹಲವು ಪಟ್ಟು ಹೆಚ್ಚು ಸೀಸ! ಸತುವೂ ಅಲ್ಲೇ ಗುಂಪುಗೂಡಿತ್ತು. 2013ರಲ್ಲಿ ಅವರು ಜೋಡಿ ಗೆರೆಗಳನ್ನು ಹೋಲಿಸಿದಾಗ, ಎರಡು ಗೆರೆಗಳಲ್ಲೂ ಈ ಲೋಹಗಳು ಸಮನಾಗಿ ಹಂಚಿಹೋಗಿಲ್ಲ ಎಂದು ಕಂಡಿತು. ಅಂದರೆ ಎರಡು ಲೋಹಗಳು ಅಲ್ಲಿಗೆ ಸೇರುವ ದಾರಿ ಬೇರೆ ಬೇರೆ.

ಸತು ಅಲ್ಲಿರುವುದು ಸಹಜ. ಖನಿಜ ಕಟ್ಟುವ ಕಿಣ್ವಗಳಿಗೆ ಅದು ಬೇಕು. ಸೀಸಕ್ಕೆ ದೇಹದಲ್ಲಿ ಯಾವ ಕೆಲಸವೂ ಇಲ್ಲ. ಅದರ ಅಯಾನು ಕ್ಯಾಲ್ಸಿಯಂನ ವೇಷ ಹಾಕಿ ಅಪಟೈಟಿನೊಳಗೆ ನುಸುಳಿ ವರ್ಷಾನುಗಟ್ಟಲೆ ಕೂರುತ್ತದೆ. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ಅದಕ್ಕೆ ಮುಂಚೆ ನಗರದ ರಸ್ತೆಗಳಲ್ಲಿ ಓಡಾಡಿದವರ ಮೂಳೆಗಳಿಗೆ ಆ ಗಾಳಿಯ ಸೀಸವೂ ಒಂದಿಷ್ಟು ಸೇರಿರದೆ ಇರಲಾರದು.

ಸತುವಿನ ಇನ್ನೊಂದು ಮುಖವನ್ನು ದಕ್ಷಿಣ ಕೊರಿಯದ ತಂಡವೊಂದು 2014ರಲ್ಲಿ ತೋರಿಸಿತು. ಇಲಿಗಳ ಸವೆಯುವ ಕೀಲಿನಲ್ಲಿ, ಸತುವನ್ನು ಕೋಶದೊಳಗೆ ಸಾಗಿಸುವ ಜಿಪ್8 ಎಂಬ ಪ್ರೋಟೀನು ಹೆಚ್ಚಾಗುತ್ತದೆ. ಒಳಬಂದ ಸತು ಮೃದ್ವಸ್ಥಿಯನ್ನು ಕತ್ತರಿಸುವ ಕಿಣ್ವಗಳ ಜೀನುಗಳನ್ನು ಚಾಲೂ ಮಾಡುತ್ತದೆ. ಇದನ್ನು ಓದಿ ಯಾರೂ ಊಟದ ಸತುವನ್ನು ಬಿಡಬೇಕಾಗಿಲ್ಲ. ಲೋಹ ದೇಹದಲ್ಲಿ ಎಷ್ಟಿದೆ ಎಂಬುದಕ್ಕಿಂತ ಯಾವ ಕೋಶದ ಯಾವ ಬಾಗಿಲಿನಿಂದ ಒಳಹೋಗುತ್ತಿದೆ ಎಂಬುದು ಇಲ್ಲಿ ಮುಖ್ಯ.

ಉಳಿದ ಲೋಹಗಳ ಮಾತು ಚುಟುಕಾಗಿ ಹೇಳಬಹುದು. ದೇಹದಲ್ಲಿ ಕಬ್ಬಿಣ ತುಂಬಿಕೊಳ್ಳುವ ಹಿಮೊಕ್ರೊಮೆಟೋಸಿಸ್‌ನಲ್ಲಿ ಬೆರಳಗೆಣ್ಣುಗಳು ಸವೆಯುತ್ತವೆ ಎಂದು 1964ರಲ್ಲಿ ಷೂಮಾಕರ್ ವರದಿ ಮಾಡಿದರು. ಪೈರೊಫಾಸ್ಫೇಟ್ ಹರಳುಗಳೂ ಅಂಥವರಲ್ಲಿ ಸಾಮಾನ್ಯ. ರಕ್ತ ತೆಗೆದು ಕಬ್ಬಿಣ ತಗ್ಗಿಸಿದರೂ ಕೀಲುನೋವು ಅನೇಕರಲ್ಲಿ ಉಳಿಯುತ್ತದೆ. ಮೆಗ್ನೀಸಿಯಂ ಲೇಶಲೋಹವಲ್ಲ, ಆದರೆ ಅದರ ಕೊರತೆಯೂ ಈ ಹರಳಿಗೆ ದಾರಿ. ಇನ್ನು ತಾಮ್ರದ ಕಡಗ! ಸಂಧಿವಾತಕ್ಕೆಂದು ಅದನ್ನು ಧರಿಸುವವರು ನಮ್ಮಲ್ಲೂ ಇದ್ದಾರೆ, ಇಂಗ್ಲೆಂಡಿನಲ್ಲೂ ಇದ್ದಾರೆ. ಅಲ್ಲಿ ಅಸ್ಥಿಸಂಧಿವಾತದ ರೋಗಿಗಳ ಮೇಲೆ ನಡೆಸಿದ, 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ತೋರಿಕೆಯ ಕಡಗಕ್ಕಿಂತ ಅದು ಹೆಚ್ಚೇನೂ ಮಾಡಲಿಲ್ಲ.

ಕೀಲಿನ ಕಾಯಿಲೆ ಕಂಡೊಡನೆ ನೀರು, ಮಣ್ಣು, ಲೋಹದ ಮೇಲೆ ಅನುಮಾನ ಹೋಗುವುದು ಸಹಜ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಸೊಂಟದ ಕೀಲು ಕೆಡುವ ಕಾಯಿಲೆ ಬೆಳಕಿಗೆ ಬಂದಾಗ, ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ದೇಹ ಸೇರಿತೆಂಬ ಮಾತು ಹಬ್ಬಿತ್ತು. ಅದು ತಲೆಮಾರಿನಿಂದ ತಲೆಮಾರಿಗೆ ಬರುವ ಆನುವಂಶಿಕ ಕಾಯಿಲೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಅಲ್ಲಿನ ಕುಟುಂಬಗಳಿಗೆ ಉತ್ತರ ಸಿಗುವ ಹೊತ್ತಿಗೆ ಬಹಳ ವರ್ಷ ಕಳೆದಿತ್ತು.

ಚಿಕಿತ್ಸೆ ಎಲ್ಲಿಗೆ ಬಂದಿದೆ? ಯೂರೇಟ್ ಹರಳನ್ನು ಕರಗಿಸುವ ಔಷಧಗಳಿವೆ. ಕ್ಯಾಲ್ಸಿಯಂ ಹರಳನ್ನು ಕರಗಿಸುವ ಔಷಧ ಇನ್ನೂ ಬಂದಿಲ್ಲ. ಹರಳಿನ ಉರಿಯೂತಕ್ಕೆ ಬಳಸುವ ಕಾಲ್ಚಿಸಿನ್ ಹಳೆಯ ಮದ್ದು. ನಮ್ಮ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲೂ ಅದಿದೆ (ಕಡು ವಿಷ, ಮನೆಮದ್ದಿಗೆ ಸಲ್ಲದು). ಹೃದ್ರೋಗಿಗಳಿಗೆ ಇದನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟು ನಡೆಸಿದ, 5,522 ಮಂದಿಯಿದ್ದ ಪರೀಕ್ಷೆಯೊಂದರ ದಾಖಲೆಗಳನ್ನು 2023ರಲ್ಲಿ ಮತ್ತೆ ಪರಿಶೀಲಿಸಿದಾಗ, ಔಷಧ ಪಡೆದವರಲ್ಲಿ ಶೇಕಡಾ 2.5ರಷ್ಟು ಜನರಿಗೆ, ಪಡೆಯದವರಲ್ಲಿ ಶೇಕಡಾ 3.5ರಷ್ಟು ಜನರಿಗೆ ಮಂಡಿ ಅಥವಾ ಸೊಂಟದ ಕೀಲು ಬದಲಿ ಬೇಕಾಗಿತ್ತು. ಅದೇ ವರ್ಷ ಡೆನ್ಮಾರ್ಕಿನಲ್ಲಿ ಕೈಬೆರಳಿನ ಅಸ್ಥಿಸಂಧಿವಾತಕ್ಕೆ ಇದೇ ಔಷಧವನ್ನು ನೇರವಾಗಿ ಪರೀಕ್ಷಿಸಿದಾಗ ನೋವು ಕಡಿಮೆಯಾಗಲಿಲ್ಲ. ಮೊದಲನೆಯದು ಬೇರೆ ಉದ್ದೇಶದ ಪರೀಕ್ಷೆಯಲ್ಲಿ ಆಕಸ್ಮಿಕವಾಗಿ ಸಿಕ್ಕ ಸಂಖ್ಯೆ; ಎರಡನೆಯದು ಬೇರೆ ಕೀಲು, ಬೇರೆ ಅವಧಿ. ಮಂಡಿಯಲ್ಲಿ ಹರಳು ಇದ್ದವರನ್ನೇ ಆರಿಸಿ ವರ್ಷಗಟ್ಟಲೆ ನೋಡುವ ಪರೀಕ್ಷೆ ನಡೆದರೆ ಮಾತ್ರ ಈ ಎರಡು ಸಂಖ್ಯೆಗಳ ನಡುವಿನ ಶೇಕಡಾ 1ಕ್ಕೆ ಅರ್ಥವಿದೆಯೇ ಎಂದು ತಿಳಿದೀತು.